ತಳಿಯ ದಾಖಲೆಯನ್ನು ಕಾಯುವವರು

ಅಡಿಕೆಯ ವರ್ಣತಂತುಗಳಲ್ಲಿ ಅಡಗಿರುವ ಸುಮಾರು 250 ಕೋಟಿ ಡಿಎನ್‌ಎ ಅಕ್ಷರಗಳ ಪೂರ್ಣ ಅನುಕ್ರಮವನ್ನು, ಅಂದರೆ ಅದರ ಜೀನೋಮನ್ನು, ಚೀನಾದ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದರು. ತೆಂಗಿನ ಜೀನೋಮ್ ಅದಕ್ಕೂ ಮೊದಲೇ, 2017ರಲ್ಲಿ, ಹೈನಾನ್ ದ್ವೀಪದ ಎತ್ತರದ ತಳಿಯೊಂದರಿಂದ ದೊರೆತಿತ್ತು. ಆ ಬಳಿಕ ಫಿಲಿಪ್ಪೀನ್ಸಿನ ಒಂದು ಗಿಡ್ಡ ತಳಿಯದೂ, ನಮ್ಮ ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಓದಿದ ಚಾವಕ್ಕಾಡ್ ಹಸಿರು ಗಿಡ್ಡ ತಳಿಯದೂ ಹೊರಬಂದವು. ಈ ಎರಡು ಮರಗಳ ನೆರಳಿನಲ್ಲೇ ಬೆಳೆದು, ಸಸ್ಯಶಾಸ್ತ್ರ ಪಾಠ ಹೇಳುವುದನ್ನೇ ವೃತ್ತಿಯಾಗಿಸಿಕೊಂಡ ನನಗೆ ಇವೆಲ್ಲ ದೊಡ್ಡ ಸಂತೋಷದ ಸುದ್ದಿಗಳಾಗಿದ್ದವು. ಆದರೆ ತರಗತಿಯಲ್ಲಿ ಈ ವಿಷಯ ತೆಗೆದಾಗಲೆಲ್ಲ ಅಡಿಕೆ ತೋಟದ ಮನೆಗಳಿಂದ ಬರುವ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಹಾಗಾದರೆ ಹಳದಿ ಎಲೆ ರೋಗ ತಾಗದ ಅಡಿಕೆ ಸಸಿ ನಮಗೆ ಯಾವಾಗ ಸಿಕ್ಕುತ್ತದೆ?

250 ಕೋಟಿ ಅಕ್ಷರಗಳು ತಾವಾಗಿ ಈ ಪ್ರಶ್ನೆಗೆ ಉತ್ತರ ಕೊಡಲಾರವು. ಈ ರೋಗವು ಕೇರಳದಲ್ಲಿ 1914ರಷ್ಟು ಹಿಂದೆಯೇ ವರದಿಯಾದದ್ದು. ಇಂದು ಗಡಿಯಾಚೆ ಕರ್ನಾಟಕದ ಸುಳ್ಯ, ಸಂಪಾಜೆಗಳಲ್ಲಿ ತೋಟಕ್ಕೆ ತೋಟವೇ ಅದರಿಂದ ಬರಿದಾಗಿದೆ. ಅಂತಹ ತೋಟಗಳ ನಡುವೆಯೂ ವರ್ಷಗಟ್ಟಲೆ ಹಸಿರಾಗಿ ಉಳಿದ ಮರಗಳು ಅಲ್ಲೊಂದು ಇಲ್ಲೊಂದು ಸಿಕ್ಕುತ್ತವೆ. ವಿಜ್ಞಾನಿಗಳು ಹುಡುಕುವುದು ಅವುಗಳನ್ನೇ. ಅವುಗಳ ಎಳೆಯ ಹಿಂಗಾರದಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಮಾಡುವ ವಿಧಾನವೂ ನಮ್ಮಲ್ಲಿ ಸಿದ್ಧವಾಗಿದೆ. ಆದರೆ ಆ ಮರ ಯಾವ ತೋಟದ್ದು, ಅದರ ಪ್ರಾಯವೆಷ್ಟು, ಸುತ್ತಲಿನ ಮರಗಳು ಯಾವ ವರ್ಷ ಹಳದಿಯಾದವು, ಅದರಲ್ಲಿ ರೋಗ ತರುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದೆಯೇ ಎಂದು ಯಾರು ಯಾವಾಗ ಪರೀಕ್ಷಿಸಿದರು, ಅದರ ಎಲೆಯಿಂದ ತೆಗೆದ ಡಿಎನ್‌ಎ ಮಾದರಿಗೆ ಯಾವ ಸಂಖ್ಯೆ ಕೊಟ್ಟರು ಎಂಬ ವಿವರಗಳೆಲ್ಲ ಒಂದೇ ಮರಕ್ಕೆ ಸೇರಿದವು ಎಂದು ಹತ್ತು ವರ್ಷಗಳ ಬಳಿಕ ಬರುವ ಇನ್ನೊಬ್ಬ ಸಂಶೋಧಕನಿಗೆ ಗೊತ್ತಾಗದಿದ್ದರೆ, ಆ ಮರ ಹಸಿರಾಗಿ ಉಳಿದದ್ದರ ಕಾರಣ ಜೀನೋಮಿನಲ್ಲಿ ಇದ್ದರೂ ಯಾರ ಕೈಗೂ ಸಿಕ್ಕದು. ತೋಟದ ಮಾತು ಒಂದು ಕಡೆ, ಪ್ರಯೋಗಾಲಯದ ವರದಿ ಇನ್ನೊಂದು ಕಡೆ, ಜೀನೋಮ್ ಮೂರನೆಯ ಕಡೆ ಉಳಿದಿರುವಷ್ಟು ಕಾಲ ನಮ್ಮ ಮಕ್ಕಳ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಈ ಮೂರನ್ನೂ ಒಂದೆಡೆ ಕೂಡಿಸಿ, ಎಲ್ಲರೂ ನಂಬಿ ಬಳಸಬಹುದಾದ ದಾಖಲೆಯಾಗಿ ಕಾಯುವ ಕೆಲಸವನ್ನು ನಾನು ವಿಜ್ಞಾನದ ಹಿಂಬದಿಯ ಗುಮಾಸ್ತಿಕೆ ಎಂದು ನೋಡುವುದಿಲ್ಲ. ಅದೂ ವಿಜ್ಞಾನವೇ, ಬಹುಶಃ ಇಂದು ನಮಗೆ ಹೆಚ್ಚು ಬೇಕಾದ ವಿಜ್ಞಾನ.

ಈ ಕೆಲಸದ ಹಿಂದೆ ಒಂದು ಒಳ್ಳೆಯ ಪರಂಪರೆಯೇ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೆಕ್ಕೆಜೋಳದ ವಂಶವಾಹಿಗಳನ್ನು ಅಭ್ಯಾಸ ಮಾಡುತ್ತಿದ್ದ ಆರ್. ಎ. ಎಮರ್ಸನ್ ಅವರು 1929ರಲ್ಲಿ, ಇನ್ನೂ ಎಲ್ಲಿಯೂ ಪ್ರಕಟವಾಗದ ತಮ್ಮ ಮತ್ತು ಇತರರ ಫಲಿತಾಂಶಗಳನ್ನು ಒಟ್ಟುಗೂಡಿಸಿ ಸಹೋದ್ಯೋಗಿಗಳಿಗೆಲ್ಲ ಕಳುಹಿಸಲು ತೊಡಗಿದರು. ಯಾವ ಲಕ್ಷಣದ ವಂಶವಾಹಿ ಯಾವ ವರ್ಣತಂತುವಿನಲ್ಲಿದೆ, ಯಾವುದರ ಪಕ್ಕದಲ್ಲಿ ಯಾವುದಿದೆ ಎಂಬುದನ್ನು ಒಬ್ಬೊಬ್ಬರೇ ಬಚ್ಚಿಟ್ಟುಕೊಂಡು ದುಡಿದರೆ ಎಂದಿಗೂ ಮುಗಿಯದ ಕೆಲಸವೆಂದು ಅವರಿಗೆ ತಿಳಿದಿತ್ತು. 1930ರ ದಶಕದ ಆರಂಭದಲ್ಲಿ ಅದು ನಿಯತವಾದ ವಾರ್ತಾಪತ್ರವಾಯಿತು. ಮಾರ್ಕಸ್ ರೋಡ್ಸ್, ಜಾರ್ಜ್ ಬೀಡಲ್, ಬಾರ್ಬರಾ ಮೆಕ್ಲಿಂಟಾಕ್ ಇವರೆಲ್ಲ ಆ ಬಳಗದಲ್ಲಿ ಬೆಳೆದವರು. ಕೊನೆಯ ಇಬ್ಬರಿಗೆ ಮುಂದೆ ನೊಬೆಲ್ ಪ್ರಶಸ್ತಿ ಬಂದಿತು. ಆ ಪತ್ರಕ್ಕೆ ಒಂದು ನಿಯಮವಿತ್ತು: ಇದರಲ್ಲಿರುವುದನ್ನು ಬರೆದವರ ಒಪ್ಪಿಗೆಯಿಲ್ಲದೆ ಯಾರೂ ತಮ್ಮ ಲೇಖನದಲ್ಲಿ ಬಳಸುವಂತಿಲ್ಲ. ಧಾರಾಳವಾಗಿ ಹಂಚಿಕೊಳ್ಳಬೇಕು, ಆದರೆ ಹಂಚಿಕೊಂಡವರ ಹಕ್ಕು ಉಳಿಯಬೇಕು. ಸುಮಾರು ನೂರು ವರ್ಷ ಕಳೆದರೂ ಬೆಳೆಗಳ ದತ್ತಾಂಶ ಹಂಚಿಕೊಳ್ಳುವವರ ನಡುವಿನ ಮುಖ್ಯ ಪ್ರಶ್ನೆ ಇದೇ ಆಗಿರುವುದನ್ನು ನೋಡಿದರೆ, ಎಮರ್ಸನ್ ಎಷ್ಟು ಸರಿಯಾದ ಜಾಗದಲ್ಲಿ ಕೈ ಇಟ್ಟಿದ್ದರು ಎಂದು ಅರಿವಾಗುತ್ತದೆ.

ಆ ಮೆಕ್ಕೆಜೋಳದ ಬಳಗದ ಇಂದಿನ ರೂಪವೇ ಮೇಜ್‌ಜಿಡಿಬಿ ಎಂಬ ದತ್ತಾಂಶ ಕೋಶ. ಗೋಧಿ ಮತ್ತು ಬಾರ್ಲಿಗೆ ಗ್ರೇನ್‌ಜೀನ್ಸ್, ಸೋಯಾಕ್ಕೆ ಸೋಯ್‌ಬೇಸ್, ಟೊಮೆಟೊ ಮತ್ತು ಬದನೆಯ ಕುಟುಂಬಕ್ಕೆ ಸೋಲ್ ಜೀನೋಮಿಕ್ಸ್ ನೆಟ್‌ವರ್ಕ್, ಮರಗೆಣಸಿಗೆ ಕಸಾವಾಬೇಸ್, ಹತ್ತಿಗೆ ಕಾಟನ್‌ಜೆನ್ ಎಂದು ಹೀಗೆ ಬೆಳೆಗೊಂದರಂತೆ ಕೋಶಗಳು ಹುಟ್ಟಿಕೊಂಡವು. ಪ್ರತಿಯೊಂದೂ ತನ್ನ ಬೆಳೆಯ ವಿಜ್ಞಾನಿಗಳಿಗೆ ಬೇಕಾದ ರೀತಿಯಲ್ಲಿ ಕಟ್ಟಿಕೊಂಡದ್ದರಿಂದ ಒಂದರ ಲೆಕ್ಕ ಇನ್ನೊಂದಕ್ಕೆ ಹೊಂದದಾಯಿತು. ಇದನ್ನು ಸರಿಪಡಿಸುವ ಉದ್ದೇಶದಿಂದ ಈ ಕೋಶಗಳನ್ನು ನಡೆಸುವವರು 2015ರಲ್ಲಿ ಅಗ್‌ಬಯೋಡೇಟಾ ಎಂಬ ಒಕ್ಕೂಟ ಮಾಡಿಕೊಂಡರು, 2018ರಲ್ಲಿ ತಮ್ಮ ಶಿಫಾರಸುಗಳನ್ನು ಪ್ರಕಟಿಸಿದರು. ಅದಕ್ಕಿಂತ ಎರಡು ವರ್ಷ ಮೊದಲು, 2016ರಲ್ಲಿ, ಇಡೀ ವಿಜ್ಞಾನಲೋಕಕ್ಕೆ ಅನ್ವಯಿಸುವಂತೆ ‘ಫೇರ್’ ಎಂಬ ತತ್ತ್ವಗಳು ಬಂದಿದ್ದವು. ದತ್ತಾಂಶವನ್ನು ಹುಡುಕಿದರೆ ಸಿಗಬೇಕು, ಸಿಕ್ಕದ್ದನ್ನು ಪಡೆಯಲು ದಾರಿಯಿರಬೇಕು, ಪಡೆದದ್ದು ಬೇರೆ ದತ್ತಾಂಶದೊಂದಿಗೆ ಕೂಡಬೇಕು, ಕೂಡಿದ್ದನ್ನು ಮತ್ತೊಬ್ಬರು ಮತ್ತೊಂದು ಉದ್ದೇಶಕ್ಕೆ ಬಳಸುವಂತಿರಬೇಕು ಎಂಬುದು ಅವುಗಳ ಸಾರ. ಈ ನಾಲ್ಕರಲ್ಲಿ ಮೂರನೆಯದೇ ಅತ್ಯಂತ ಕಷ್ಟದ್ದು, ಮತ್ತು ಜನ ಅತಿ ಕಡಿಮೆ ಗಮನ ಕೊಡುವುದೂ ಅದಕ್ಕೇ.

ಎಷ್ಟು ಕಷ್ಟವೆಂಬುದಕ್ಕೆ ಭತ್ತವನ್ನೇ ನೋಡಬಹುದು. ಹತ್ತು ದೇಶಗಳ ವಿಜ್ಞಾನಿಗಳು, ಅವರಲ್ಲಿ ಭಾರತೀಯರೂ ಸೇರಿ, ನಿಪ್ಪೊನ್‌ಬಾರೆ ಎಂಬ ಜಪಾನಿ ತಳಿಯ ಜೀನೋಮನ್ನು 2005ರಲ್ಲಿ ಪೂರ್ಣಗೊಳಿಸಿದರು. ಅಷ್ಟು ಒಗ್ಗಟ್ಟಿನಿಂದ ನಡೆದ ಕೆಲಸ ಅದು. ಆದರೂ ಆ ಅನುಕ್ರಮದಲ್ಲಿ ವಂಶವಾಹಿಗಳು ಎಲ್ಲೆಲ್ಲಿವೆ ಎಂದು ಗುರುತಿಸಿ ಸಂಖ್ಯೆ ಹಾಕುವಾಗ ಜಪಾನಿನ ತಂಡವೊಂದು ಒಂದು ಪದ್ಧತಿಯನ್ನೂ, ಅಮೆರಿಕದ ತಂಡವೊಂದು ಇನ್ನೊಂದು ಪದ್ಧತಿಯನ್ನೂ ಅನುಸರಿಸಿತು. ಹಸಿರು ಕ್ರಾಂತಿಯ ಕುಳ್ಳ ಭತ್ತಗಳಿಗೆ ಕಾರಣವಾದ ‘ಎಸ್‌ಡಿ1’ ಎಂಬ ವಂಶವಾಹಿ ಒಂದರ ಪ್ರಕಾರ ಓಎಸ್01ಜಿ0883800, ಇನ್ನೊಂದರ ಪ್ರಕಾರ ಎಲ್‌ಓಸಿ_ಓಎಸ್01ಜಿ66100. ಎರಡೂ ಒಂದೇ ವಂಶವಾಹಿಯೆಂದು ಯಾರಾದರೂ ಕುಳಿತು ಪರಿಶೀಲಿಸಿ ಜೋಡಿಸದೆ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಕೆಲವು ವಂಶವಾಹಿಗಳಲ್ಲಿ ಒಂದು ಪದ್ಧತಿಯ ಒಂದು ನಮೂದಿಗೆ ಇನ್ನೊಂದರಲ್ಲಿ ಎರಡು ನಮೂದುಗಳಿರುತ್ತವೆ, ಅಥವಾ ಒಂದೂ ಇರುವುದಿಲ್ಲ. ಹೀಗೆ ಪರಿಶೀಲಿಸಿ ಜೋಡಿಸುವವರು ಲೇಖನಗಳನ್ನು ಒಂದೊಂದಾಗಿ ಓದಿ, ಯಾವ ಪ್ರಯೋಗದಲ್ಲಿ ಏನು ಖಚಿತವಾಯಿತು, ಏನು ಬರಿಯ ಊಹೆ ಎಂಬುದನ್ನು ಬೇರ್ಪಡಿಸಿ ಬರೆಯುತ್ತಾರೆ. ಅವರ ಹೆಸರು ಹೆಚ್ಚಾಗಿ ಎಲ್ಲಿಯೂ ಕಾಣಿಸುವುದಿಲ್ಲ.

ಕಂಪ್ಯೂಟರ್ ತಂದೊಡ್ಡುವ ಬೇರೆ ಅಪಾಯಗಳೂ ಇವೆ. ಎಲ್ಲರೂ ಬಳಸುವ ಎಕ್ಸೆಲ್ ತಂತ್ರಾಂಶವು ‘ಸೆಪ್ಟ್2’ ಎಂಬ ವಂಶವಾಹಿಯ ಹೆಸರನ್ನು ಸೆಪ್ಟೆಂಬರ್ 2 ಎಂಬ ತಾರೀಕೆಂದು ತಿಳಿದು ತಾನಾಗಿ ಬದಲಿಸಿಬಿಡುತ್ತದೆ. ವಂಶವಾಹಿಗಳ ಪಟ್ಟಿಯನ್ನು ಎಕ್ಸೆಲ್ ಕಡತಗಳಲ್ಲಿ ಲಗತ್ತಿಸಿದ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಇಂತಹ ತಪ್ಪುಗಳಿದ್ದುದನ್ನು 2016ರ ಒಂದು ಅಧ್ಯಯನ ತೋರಿಸಿತು. ಕೊನೆಗೆ ಮಾನವ ವಂಶವಾಹಿಗಳಿಗೆ ಹೆಸರಿಡುವ ಸಮಿತಿಯೇ ಅಂತಹ ಹೆಸರುಗಳನ್ನು ಬದಲಿಸಿ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಬೇಕಾಯಿತು.

ಹೆಸರಿನ ತೊಡಕಿಗಿಂತ ಅಳತೆಯ ತೊಡಕು ನನಗೆ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಹೆಸರು ತಪ್ಪಿದರೆ ಹುಡುಕುವಾಗ ಸಿಕ್ಕಿಬೀಳುತ್ತದೆ, ಅಳತೆ ತಪ್ಪಿದರೆ ಯಾರಿಗೂ ಕಾಣದೆ ತೀರ್ಮಾನದೊಳಗೆ ಸೇರಿಕೊಳ್ಳುತ್ತದೆ. ಅಡಿಕೆಯ ಇಳುವರಿಯನ್ನೇ ತೆಗೆದುಕೊಳ್ಳೋಣ. ಚೀನಾ ಮೂಲದ ಸಂಗ್ರಹದಿಂದ ಆಯ್ದು 1972ರಲ್ಲಿ ಬಿಡುಗಡೆ ಮಾಡಿದ ಮಂಗಳ ತಳಿಯ ಸರಾಸರಿ ಇಳುವರಿ ಮರವೊಂದಕ್ಕೆ ವರ್ಷಕ್ಕೆ 3 ಕಿಲೋ, ಪಶ್ಚಿಮ ಬಂಗಾಳ ಮೂಲದ ಮೋಹಿತ್‌ನಗರದ್ದು 3.67 ಕಿಲೋ ಎಂದು ದಾಖಲೆಗಳು ಹೇಳುತ್ತವೆ. ಈ ಅಂಕಿಗಳು ಚಾಲಿಯ ಲೆಕ್ಕದವು, ಅಂದರೆ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಸುಲಿದ ಮೇಲಿನ ತೂಕ. ಮಲೆನಾಡಿನವರು ಕಾಯಡಿಕೆಯನ್ನು ಸುಲಿದು ಬೇಯಿಸಿ ಕೆಂಪಡಿಕೆ ಮಾಡುತ್ತಾರೆ. ಅದರ ತೂಕ ಬೇರೆ. ಸಂಶೋಧಕ ತೋಟದಲ್ಲೇ ಗೊನೆ ತೂಗಿದರೆ ಬರುವ ಹಸಿ ತೂಕ ಚಾಲಿಯ ಹಲವು ಪಟ್ಟು. ಮೂರು ಕಡೆಯ ಮೂರು ಬಗೆಯ ತೂಕಗಳನ್ನು ‘ಇಳುವರಿ’ ಎಂಬ ಒಂದೇ ಅಂಕಣದಲ್ಲಿ ಸುರಿದರೆ, ಆ ಅಂಕಣದಿಂದ ಇಳುವರಿಯ ವಂಶವಾಹಿಯನ್ನು ಹುಡುಕ ಹೊರಟವನಿಗೆ ಸಿಗುವುದು ವಂಶವಾಹಿಯಲ್ಲ, ಅಡಿಕೆ ಸಂಸ್ಕರಣೆಯ ಪ್ರಾದೇಶಿಕ ವ್ಯತ್ಯಾಸ. ಇದನ್ನು ತಪ್ಪಿಸಲು ‘ಕ್ರಾಪ್ ಆಂಟಾಲಜಿ’ ಎಂಬ ಅಂತಾರಾಷ್ಟ್ರೀಯ ಪ್ರಯತ್ನ ಒಂದು ಸರಳವಾದ ಶಿಸ್ತನ್ನು ತಂದಿದೆ. ಯಾವುದೇ ಅಂಕಿಯ ಜೊತೆ ಮೂರು ಸಂಗತಿಗಳನ್ನು ಹೇಳಲೇಬೇಕು: ಅಳೆದದ್ದು ಯಾವ ಲಕ್ಷಣ, ಅಳೆದ ವಿಧಾನ ಯಾವುದು, ಯಾವ ಮಾನದಲ್ಲಿ. ಭತ್ತದ ಎತ್ತರ ಎಂದರೆ ನೆಲದಿಂದ ತೆನೆಯ ತುದಿಯವರೆಗೋ ಎಲೆಯ ತುದಿಯವರೆಗೋ, ಕಟಾವಿನ ಹೊತ್ತಿನಲ್ಲೋ ಹೂ ಬಿಡುವ ಹೊತ್ತಿನಲ್ಲೋ ಎಂದು ಬರೆಯದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ. ಹೀಗೆ ಬರೆದದ್ದನ್ನು ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಕೇಳಿ ಪಡೆಯುವ ಸಮಾನ ವಿಧಾನವೊಂದನ್ನು ‘ಬ್ರಾಪಿ’ ಎಂಬ ಹೆಸರಿನಲ್ಲಿ ತಳಿವಿಜ್ಞಾನಿಗಳೂ ತಂತ್ರಾಂಶ ಬರೆಯುವವರೂ ಕೂಡಿ ರೂಪಿಸಿದ್ದಾರೆ. ಗದ್ದೆಯಲ್ಲೇ ಮೊಬೈಲ್ ಹಿಡಿದು ಅಳತೆ ದಾಖಲಿಸುವ ‘ಫೀಲ್ಡ್ ಬುಕ್’ ಎಂಬ ಉಚಿತ ಆ್ಯಪ್ ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಹುಟ್ಟಿ ಇಂದು ಆಫ್ರಿಕಾದ ಮರಗೆಣಸಿನ ಗದ್ದೆಗಳಲ್ಲೂ ಬಳಕೆಯಾಗುತ್ತಿದೆ.

ನಮ್ಮ ಹಿರಿಯರಲ್ಲಿಯೂ ಇಂತಹ ಶಿಸ್ತು ಇತ್ತು. ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಎಂದು ಗದ್ದೆಗಳನ್ನು ನೀರಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿ, ಏಣಿಲು, ಸುಗ್ಗಿ, ಕೊಳಕೆ ಎಂಬ ಬೆಳೆಗಾಲಗಳಿಗೆ ಹೊಂದಿಸಿ, ಯಾವ ಭತ್ತದ ನೇಜಿ ಎಲ್ಲಿಗೆ ಸಲ್ಲುತ್ತದೆ ಎಂದು ಅವರು ನಿಶ್ಚಯಿಸುತ್ತಿದ್ದರು. ಬೈಲಿನ ಭತ್ತವನ್ನು ಬೆಟ್ಟಿನಲ್ಲಿ ಹಾಕಿ ಇಳುವರಿ ಕಡಿಮೆ ಎಂದು ಬರೆಯುವುದು ಆ ತಳಿಗೆ ಮಾಡುವ ಅನ್ಯಾಯ. ತಳಿಗಳ ಬೀಜವನ್ನು ಕಾಪಿಡುವ ಜೀನ್ ಬ್ಯಾಂಕಿಗೆ ಸೇರಿದ ಹಳೆಯ ಮಾದರಿಗಳ ಜೊತೆ ‘ಕಾಸರಗೋಡು ಜಿಲ್ಲೆ, ಭತ್ತ’ ಎಂದಷ್ಟೇ ಬರೆದಿದ್ದರೆ ಈ ಜ್ಞಾನವೆಲ್ಲ ಚೀಲದ ಹೊರಗೇ ಉಳಿಯಿತು ಎಂದರ್ಥ.

ಒಂದು ಮಾದರಿಯ ಜೊತೆ ಅದರ ಕತೆಯೂ ಉಳಿದುಬಂದರೆ ಏನಾಗಬಹುದು ಎಂಬುದಕ್ಕೆ ಒಡಿಶಾದ ನೆರೆಪೀಡಿತ ಗದ್ದೆಗಳ ಭತ್ತವೊಂದರ ಉದಾಹರಣೆಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ. ಅಲ್ಲಿಯ ಸ್ಥಳೀಯ ಭತ್ತದಿಂದ ಆಯ್ದ ಎಫ್‌ಆರ್13ಎ ಎಂಬ ತಳಿ ನೆರೆನೀರಿನಲ್ಲಿ ಪೂರ್ತಿ ಮುಳುಗಿಯೂ ಎರಡು ವಾರಗಳಷ್ಟು ಕಾಲ ಬದುಕಿ ಉಳಿಯುವಂಥದ್ದು. ಅದರ ಇಳುವರಿ ಹೇಳಿಕೊಳ್ಳುವಂಥದ್ದಲ್ಲ. ಇಳುವರಿಯೊಂದನ್ನೇ ನೋಡಿದ್ದರೆ ಯಾರೂ ಅದನ್ನು ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಆದರೆ ನೆರೆ ತಾಳುತ್ತದೆ ಎಂಬ ವಿವರ ಅದರ ಹೆಸರಿನೊಂದಿಗೇ ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರೆಗೂ ಹೋಯಿತು. ಅಲ್ಲಿ ಸಾವಿರಾರು ತಳಿಗಳನ್ನು ಮುಳುಗಿಸಿ ಪರೀಕ್ಷಿಸಿದಾಗ ಇದು ಮೇಲೆ ನಿಂತಿತು. ದಶಕಗಳ ಕೆಲಸದ ಬಳಿಕ 2006ರಲ್ಲಿ ಅದರ ಒಂಬತ್ತನೆಯ ವರ್ಣತಂತುವಿನಲ್ಲಿರುವ ‘ಸಬ್1ಎ’ ವಂಶವಾಹಿ ಪತ್ತೆಯಾಯಿತು. ಆಂಧ್ರ, ಒಡಿಶಾಗಳ ರೈತರು ಮೆಚ್ಚಿ ಬೆಳೆಯುತ್ತಿದ್ದ ಸ್ವರ್ಣ ತಳಿಗೆ ಅದನ್ನು ಸಂಕರದ ಮೂಲಕ ಸೇರಿಸಿದ ಸ್ವರ್ಣ-ಸಬ್1 ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಯಾವುದೋ ಹಳ್ಳಿಯ ರೈತ ತನ್ನ ಗದ್ದೆಯ ಗುಣಕ್ಕೆ ತಕ್ಕ ಬೀಜವನ್ನು ಬಿಡದೆ ಕಾದದ್ದು, ಅದನ್ನು ಸಂಗ್ರಹಿಸಿದ ಅಧಿಕಾರಿ ಅದರ ಗುಣವನ್ನು ಬರೆದಿಟ್ಟದ್ದು, ಕಾಪಿಟ್ಟವರು ಆ ಬರಹವನ್ನು ಬೀಜದಿಂದ ಬೇರ್ಪಡಿಸದೆ ಇದ್ದದ್ದು, ಈ ಮೂರರಲ್ಲಿ ಒಂದು ತಪ್ಪಿದ್ದರೂ ಆ ವಂಶವಾಹಿ ಇಂದು ಲಕ್ಷಾಂತರ ರೈತರ ಗದ್ದೆಯಲ್ಲಿ ಇರುತ್ತಿರಲಿಲ್ಲ.

ತೆಂಗಿನ ವಿಷಯದಲ್ಲಿ ದಾಖಲೆಯ ಭಾರ ಇನ್ನೂ ಹೆಚ್ಚು. ಭತ್ತದ ಬೀಜವನ್ನು ಒಣಗಿಸಿ ಶೀತಲ ಕೋಣೆಯಲ್ಲಿಟ್ಟರೆ ದಶಕಗಳ ಕಾಲ ಉಳಿಯುತ್ತದೆ. ತೆಂಗಿನಕಾಯಿಯನ್ನು ಹಾಗೆ ಇಡಲಾಗದು. ಅದರ ಜೀನ್ ಬ್ಯಾಂಕ್ ಎಂದರೆ ತೋಟವೇ, ಮರಗಳೇ. ದಕ್ಷಿಣ ಏಷ್ಯಾಕ್ಕೆ ಅಂತಹ ಅಂತಾರಾಷ್ಟ್ರೀಯ ತೋಟವಿರುವುದು ಸುಬ್ರಹ್ಮಣ್ಯದ ಬಳಿಯ ಕಿದುವಿನಲ್ಲಿ, ಕಾಸರಗೋಡಿನ ಸಂಸ್ಥೆಯ ಕೇಂದ್ರದಲ್ಲಿ. ಇಂತಹ ತೋಟಗಳನ್ನು ನಡೆಸುವ ದೇಶಗಳನ್ನು ಒಗ್ಗೂಡಿಸಲು 1992ರಲ್ಲಿ ‘ಕೋಜೆಂಟ್’ ಎಂಬ ಜಾಲ ಹುಟ್ಟಿತು. ಆ ಜಾಲದ ದೇಶಗಳ ತಳಿಗಳ ವಿವರವನ್ನು ಒಂದೇ ನಮೂನೆಯಲ್ಲಿ ಬರೆಯುವ ದತ್ತಾಂಶ ಕೋಶವೂ, ಅಳತೆ ಹೇಗೆ ತೆಗೆಯಬೇಕು ಎಂಬ ಕೈಪಿಡಿಯೂ 1990ರ ದಶಕದಲ್ಲೇ ಸಿದ್ಧವಾದವು. ಪ್ರತಿ ತಳಿಗೂ ಒಂದು ಸಂಕೇತವನ್ನು ಒಪ್ಪಿಕೊಂಡರು. ಫಿಲಿಪ್ಪೀನ್ಸಿನ ಕಟಿಗನ್ ಹಸಿರು ಗಿಡ್ಡದ ಮೊದಲಕ್ಷರಗಳನ್ನು ಹೆಕ್ಕಿದರೂ, ನಮ್ಮ ಚಾವಕ್ಕಾಡ್ ಹಸಿರು ಗಿಡ್ಡದ್ದನ್ನು ಹೆಕ್ಕಿದರೂ ಇಂಗ್ಲಿಷಿನಲ್ಲಿ ಬರುವುದು ಸಿಜಿಡಿ ಎಂದೇ. ಫಿಲಿಪ್ಪೀನ್ಸಿನದಕ್ಕೆ ಸಿಎಟಿಡಿ, ನಮ್ಮದಕ್ಕೆ ಸಿಜಿಡಿ ಎಂಬ ಒಪ್ಪಂದ ಇಲ್ಲದಿದ್ದರೆ ಎರಡು ದೇಶಗಳ, ಎರಡು ಬೇರೆ ಮರಗಳ ಜೀನೋಮುಗಳು ಒಂದೇ ಹೆಸರಿನಡಿ ಬೆರೆತುಹೋಗುವುದು ಕಷ್ಟವೇನಾಗಿರಲಿಲ್ಲ. ಚಾವಕ್ಕಾಡ್ ಹಸಿರು ಗಿಡ್ಡವು ದಕ್ಷಿಣ ಕೇರಳದ ಬೇರುಸೊರಗು ರೋಗವನ್ನು ಬಹಳಮಟ್ಟಿಗೆ ತಾಳುವ ತಳಿಯಾದ್ದರಿಂದ ಅಂತಹ ಬೆರಕೆಯ ನಷ್ಟ ಸಣ್ಣದಲ್ಲ.

ತೆಂಗಿನಲ್ಲಿ ಕಾಲದ ಮಾತೂ ಇದೆ. ಎತ್ತರದ ತಳಿ ಫಲ ಕೊಡಲು ಆರೇಳು ವರ್ಷ ಬೇಕು, ಅದರ ಇಳುವರಿ ಸ್ಥಿರವಾಗಲು ಇನ್ನಷ್ಟು ವರ್ಷ. ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ ಜೆ. ಎಸ್. ಪಟೇಲ್ ಅವರು 1932ರಲ್ಲಿ ಎತ್ತರದ ಮತ್ತು ಗಿಡ್ಡ ತೆಂಗುಗಳ ನಡುವೆ ಸಂಕರ ಮಾಡಿದರು. ತೆಂಗಿನಲ್ಲಿ ಮಿಶ್ರತಳಿಯ ಹುರುಪನ್ನು, ಅಂದರೆ ಸಂಕರದ ಸಸಿ ತನ್ನ ಹೆತ್ತ ತಳಿಗಳನ್ನು ಮೀರಿಸುವುದನ್ನು, ಜಗತ್ತಿಗೆ ಮೊದಲು ತೋರಿಸಿದ ಕೆಲಸ ಅದು. 1916ರಲ್ಲಿ ಮದ್ರಾಸ್ ಸರ್ಕಾರ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ತೆರೆದಂದಿನಿಂದ ಇಲ್ಲಿ ನೆಟ್ಟ ಮರಗಳನ್ನು ಒಬ್ಬರ ಬಳಿಕ ಒಬ್ಬರಂತೆ ಎಷ್ಟೋ ತಲೆಮಾರಿನ ವಿಜ್ಞಾನಿಗಳು ನೋಡಿಕೊಂಡಿದ್ದಾರೆ. ಸಂಕರ ಮಾಡಿದವರು ನಿವೃತ್ತರಾದ ಮೇಲೆ ಫಲಿತಾಂಶ ಬರುವ ಬೆಳೆ ಇದು. ಇಂತಹ ಬೆಳೆಯಲ್ಲಿ ಮರ ಸಂಖ್ಯೆ, ನೆಟ್ಟ ವರ್ಷ, ತಾಯಿ ಮರ, ಪರಾಗದ ಮೂಲ ಇವುಗಳನ್ನು ಬರೆದ ರಿಜಿಸ್ಟರು ಗೆದ್ದಲಿಗೆ ಹೋಗದೆ, ಡಿಜಿಟಲ್ ರೂಪಕ್ಕೆ ಬಂದು, ಜೀನೋಮಿನ ದತ್ತಾಂಶದೊಂದಿಗೆ ಕೂಡುವುದು ಎಂದರೆ ಹಲವು ವಿಜ್ಞಾನಿಗಳ ಜೀವಮಾನದ ದುಡಿಮೆ ವ್ಯರ್ಥವಾಗದೆ ಉಳಿಯುವುದು.

ಗಡಿನಾಡಿನಲ್ಲಿ ಬದುಕುವವರಿಗೆ ದಾಖಲೆ ಒಡೆಯುವುದೆಂದರೆ ಏನೆಂದು ಬೇರೆಯವರು ವಿವರಿಸಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಪೆರ್ಲದ ಅಡಿಕೆಯ ಕೊಳೆರೋಗದ ನಷ್ಟ ಕೇರಳದ ಕೃಷಿಭವನದ ಲೆಕ್ಕಕ್ಕೆ ಹೋಗುತ್ತದೆ, ಅದೇ ಮಳೆಯಲ್ಲಿ ನೆನೆದ ವಿಟ್ಲದ ಅಡಿಕೆಯ ನಷ್ಟ ಕರ್ನಾಟಕದ ಲೆಕ್ಕಕ್ಕೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲೆ ಇತ್ತ ಸಾಮಾನ್ಯವಾಗಿ ಮಲಯಾಳದಲ್ಲಿರುತ್ತದೆ, ಅತ್ತ ಕನ್ನಡದಲ್ಲಿ. ಅಜ್ಜನ ಮನೆಯಿಂದ ಮೊಮ್ಮಗಳ ಮನೆಗೆ ಹೋದ ಬೀಜ ಎರಡು ರಾಜ್ಯಗಳ ಎರಡು ಬೇರೆ ತಳಿಗಳಾಗಿ ದಾಖಲಾಗಲು ಇಷ್ಟು ಸಾಕು. ಈ ವಿಷಯದಲ್ಲಿ ಸಂಶೋಧನೆಯವರು ಆಡಳಿತದವರಿಗಿಂತ ಮುಂದಿದ್ದಾರೆ ಎಂದು ಸಂತೋಷದಿಂದ ಹೇಳಬೇಕು: ಕಾಸರಗೋಡು, ವಿಟ್ಲ, ಕಿದುಗಳ ಸಂಶೋಧನಾ ಕೇಂದ್ರಗಳು ಮೂರೂ ಒಂದೇ ಸಂಸ್ಥೆಯ ಅಂಗಗಳಾಗಿರುವುದರಿಂದ ಮರಗಳ ಸಂಖ್ಯೆಯಾದರೂ ಗಡಿಯಲ್ಲಿ ಬದಲಾಗುವುದಿಲ್ಲ.

ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿ ಅವರು 650ಕ್ಕೂ ಹೆಚ್ಚು ಸಾಂಪ್ರದಾಯಿಕ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದಾಗ ಗಡಿಯ ಎರಡೂ ಬದಿಯವರು ಹೆಮ್ಮೆಪಟ್ಟರು. ಅವರು ಹಬ್ಬಿಸಿದ ರಾಜಕಯಮೆ ಎಂಬ ಭತ್ತ ಮೂರು ರಾಜ್ಯಗಳ ಗದ್ದೆಗಳಿಗೆ ಹೋಗಿದೆ. ಇಂತಹ ಸಂಗ್ರಹವನ್ನು ಜಗತ್ತಿನ ದಾಖಲೆಗಳೊಂದಿಗೆ ಜೋಡಿಸುವಾಗ ಎಚ್ಚರ ಎಷ್ಟಿದ್ದರೂ ಸಾಲದು. ಕೇರಳದ ಮಾರುಕಟ್ಟೆಯಲ್ಲಿ ಕೈಮ ಎಂದರೆ ಬಿರಿಯಾನಿಗೆ ಬಳಸುವ ಸಣ್ಣ, ಪರಿಮಳದ ಅಕ್ಕಿ. ನಮ್ಮ ಬೈಲುಗಳ ಕಯಮೆ ಅದಲ್ಲ. ಎರಡನ್ನೂ ರೋಮನ್ ಲಿಪಿಯಲ್ಲಿ ಬರೆಯುವಾಗ ಕೈ ಸ್ವಲ್ಪ ಜಾರಿದರೆ ಒಂದೇ ಆಗಿಬಿಡುತ್ತವೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯೂ ಬಯೋವರ್ಸಿಟಿ ಸಂಸ್ಥೆಯೂ ಕೂಡಿ ರೂಪಿಸಿದ ‘ಪಾಸ್‌ಪೋರ್ಟ್’ ನಮೂನೆ ಇಂತಹ ಗೊಂದಲವನ್ನು ತಪ್ಪಿಸಲೆಂದೇ ಇದೆ: ಸಂಗ್ರಹಿಸಿದ ಜಾಗದ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಸಂಗ್ರಹಿಸಿದವರು, ಸ್ಥಳೀಯ ಹೆಸರು, ಕಾಡಿನದೋ ಗದ್ದೆಯದೋ ಎಂಬ ವಿವರ ಇವೆಲ್ಲ ಅದರಲ್ಲಿ ಬರಬೇಕು. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋ ಸ್ವದೇಶಿ ಮಾದರಿಗಳಿಗೆ ಕೊಡುವ ‘ಐಸಿ’ ಸಂಖ್ಯೆಯೂ ಜೊತೆಗಿದ್ದರೆ ಹೆಸರು ಹೇಗೆ ಬದಲಾದರೂ ಬೀಜ ಕಳೆದುಹೋಗದು. ಮೂರು ಸಾವಿರ ಭತ್ತದ ತಳಿಗಳ ಜೀನೋಮನ್ನು 2014ರಲ್ಲಿ ಎಲ್ಲರಿಗೂ ತೆರೆದಿಟ್ಟ ಯೋಜನೆಯಲ್ಲಿ 89 ದೇಶಗಳ ಮಾದರಿಗಳಿದ್ದವು; ಅವುಗಳನ್ನು ಓದಲು ಸಾಧ್ಯವಾದದ್ದು ಯಂತ್ರಗಳಿಂದ, ಅರ್ಥ ಮಾಡಿಕೊಳ್ಳಲು ಸಾಧ್ಯವಾದದ್ದು ಯಾರೋ ಹಿಂದೆ ತುಂಬಿಟ್ಟ ಇಂತಹ ನಮೂನೆಗಳಿಂದ.

ಇಷ್ಟೆಲ್ಲ ಮಾಡುವವರಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಈ ವಿಷಯ ಮಾತನಾಡುವುದು ಸರಿಯಲ್ಲ. ಸಸ್ಯವಿಜ್ಞಾನಿಗಳೆಲ್ಲರ ಮಾದರಿ ಗಿಡವಾದ ಅರಬಿಡಾಪ್ಸಿಸ್‌ಗೆ ‘ಟೇರ್’ ಎಂಬ ದತ್ತಾಂಶ ಕೋಶ 1999ರಿಂದ ನಡೆದುಬಂದಿತ್ತು. ಜಗತ್ತಿನ ಮೂಲೆ ಮೂಲೆಯವರು ಅದನ್ನು ಬಳಸುತ್ತಿದ್ದರು. ಅದಕ್ಕೆ ಹಣ ಕೊಡುತ್ತಿದ್ದ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ನೆರವನ್ನು ಹಂತಹಂತವಾಗಿ ನಿಲ್ಲಿಸಿದ ಮೇಲೆ, ಅದನ್ನು ನಡೆಸುವವರು 2013ರಲ್ಲಿ ಲಾಭರಹಿತ ಸಂಸ್ಥೆಯೊಂದನ್ನು ಕಟ್ಟಿ ವಿಶ್ವವಿದ್ಯಾಲಯಗಳಿಂದ ಚಂದಾ ಪಡೆಯುವ ದಾರಿ ಹಿಡಿಯಬೇಕಾಯಿತು. ಹೊಸದಾಗಿ ಸೇರಿಸಿದ್ದು ಒಂದು ವರ್ಷದ ಬಳಿಕ ಎಲ್ಲರಿಗೂ ಉಚಿತ ಎಂಬ ವ್ಯವಸ್ಥೆಯನ್ನು ಅವರು ಮಾಡಿದ್ದು ಮೆಚ್ಚತಕ್ಕದ್ದೇ. ಆದರೂ ಹೊಸ ಜೀನೋಮ್ ಓದಲು ಹಣ ಸಿಗುವಷ್ಟು ಸುಲಭವಾಗಿ, ಓದಿದ್ದನ್ನು ಕಾಯಲು ಹಣ ಸಿಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಅನುದಾನ ಮೂರು ವರ್ಷಕ್ಕೋ ಐದು ವರ್ಷಕ್ಕೋ ಬರುತ್ತದೆ, ತೆಂಗಿನ ಮರ ಅರುವತ್ತು ವರ್ಷ ನಿಲ್ಲುತ್ತದೆ. ನಮ್ಮ ದೇಶ ಫರೀದಾಬಾದಿನಲ್ಲಿ 2022ರಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವನ್ನು ತೆರೆದಿರುವುದು ಒಳ್ಳೆಯ ಹೆಜ್ಜೆ. ಅಲ್ಲಿ ಯಂತ್ರಗಳಿಗೆ ಕೊಟ್ಟಷ್ಟೇ ಮಹತ್ವವನ್ನು, ಪ್ರತಿ ಬೆಳೆಯನ್ನೂ ಬಲ್ಲ ಪರಿಶೀಲಕರ ಖಾಯಂ ಹುದ್ದೆಗಳಿಗೂ ಕೊಡಬೇಕೆಂದು ನಾನು ಬಲವಾಗಿ ನಂಬಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಗದ್ದೆಯನ್ನೂ ಬಲ್ಲ, ಕಂಪ್ಯೂಟರನ್ನೂ ಬಲ್ಲ, ಕನ್ನಡ, ತುಳು, ಮಲಯಾಳ ಮೂರನ್ನೂ ಆಡಬಲ್ಲ ಮಕ್ಕಳಿದ್ದಾರೆ. ಈ ಕೆಲಸಕ್ಕೆ ಅವರಿಗಿಂತ ತಕ್ಕವರು ಸಿಗುವುದು ಕಷ್ಟ. ಆದರೆ ಅವರಿಗೆ ಹೇಳಲು ಅಂತಹ ಒಂದು ಉದ್ಯೋಗದ ಹೆಸರೇ ನಮ್ಮಲ್ಲಿ ಇಲ್ಲ.

ನೆರೆಮನೆಯ ಹಿರಿಯ ಕೃಷಿಕರೊಬ್ಬರ ಬಳಿ ಅವರ ಭತ್ತದ ವಿವರ ಬರೆದುಕೊಳ್ಳುತ್ತಿದ್ದಾಗ ಅವರು ಕೇಳಿದರು: “ಇದನ್ನೆಲ್ಲ ಬರೆದು ಕೊಟ್ಟರೆ ನಮಗೆಂತ ಸಿಕ್ಕುತ್ತದೆ ಮಾಷ್ಟ್ರೇ?” ನ್ಯಾಯವಾದ ಪ್ರಶ್ನೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ಅವರು ತಮ್ಮ ತಳಿಯನ್ನು ರೈತ ತಳಿಯೆಂದು ನೋಂದಾಯಿಸಬಹುದು, ಬೀಜ ಉಳಿಸಿ ಬಿತ್ತುವ ಮತ್ತು ಹಂಚುವ ಅವರ ಹಕ್ಕನ್ನು ಯಾರೂ ಕಸಿಯುವಂತಿಲ್ಲ, ತಳಿ ಕಾಪಾಡಿದವರಿಗೆ ಸಲ್ಲಬೇಕಾದ ಪಾಲಿಗೆಂದು ಜೀನ್ ನಿಧಿಯೊಂದಿದೆ. ಇದನ್ನು ನಾನು ಅವರಿಗೆ ವಿವರಿಸಿದೆ. ಆದರೆ ಬೀಜವೇ ಕೈಬದಲಾಗದೆ ಅದರ ಜೀನೋಮಿನ ಅನುಕ್ರಮ ಮಾತ್ರ ಅಂತರ್ಜಾಲದ ಮೂಲಕ ಎಲ್ಲಿಗೋ ಹೋಗಿ ಅಲ್ಲಿ ಲಾಭವಾದರೆ ಪಾಲು ಯಾರಿಗೆ ಎಂಬುದು ಇದಕ್ಕಿಂತ ಜಟಿಲ. ಜೀವಸಂಪತ್ತಿನ ಲಾಭ ಹಂಚಿಕೆಯ ಕುರಿತಾದ 2010ರ ನಗೋಯಾ ಒಪ್ಪಂದ ಬರೆಯುವಾಗ ಇದು ಬಗೆಹರಿಯಲಿಲ್ಲ. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದಲ್ಲಿ, ಅಂತಹ ಅನುಕ್ರಮಗಳಿಂದ ಲಾಭ ಪಡೆಯುವ ದೊಡ್ಡ ಕಂಪೆನಿಗಳು ಒಂದು ನಿಧಿಗೆ ಕಾಣಿಕೆ ಸಲ್ಲಿಸಬೇಕೆಂದೂ ಅದರ ಅರ್ಧದಷ್ಟಾದರೂ ಮೂಲನಿವಾಸಿಗಳಿಗೆ ಮತ್ತು ಸ್ಥಳೀಯ ಸಮುದಾಯಗಳಿಗೆ ಮುಟ್ಟಬೇಕೆಂದೂ ಆಶಯ ವ್ಯಕ್ತವಾಯಿತು. ಆದರೆ ಕಾಣಿಕೆ ಕಡ್ಡಾಯವಲ್ಲ. ದತ್ತಾಂಶವನ್ನು ಮುಚ್ಚಿಡುವುದರಿಂದ ರೈತನಿಗೆ ನ್ಯಾಯ ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಮುಚ್ಚಿಟ್ಟ ಬೀಜದಲ್ಲಿ ಸಬ್1ಎ ಎಂದಿಗೂ ಸಿಗುತ್ತಿರಲಿಲ್ಲ. ಆದರೆ ಯಾರ ಗದ್ದೆಯಿಂದ ಬಂದದ್ದು ಎಂಬ ವಿವರವೇ ಅನುಕ್ರಮದಿಂದ ಕಳಚಿಹೋದರೆ, ನಾಳೆ ಎಷ್ಟು ದೊಡ್ಡ ನಿಧಿಯಿದ್ದರೂ ಅದರ ಪಾಲನ್ನು ಯಾರಿಗೆ ಮುಟ್ಟಿಸಬೇಕೆಂದು ಯಾರಿಗೂ ತಿಳಿಯದು. ಕಾಪಾಡಿದವರ ಅಂಕಣವನ್ನು ಐಚ್ಛಿಕವೆಂದು ಬಿಡದೆ ಕಡ್ಡಾಯ ಮಾಡಬೇಕೆಂದು ನಾನು ಹೇಳುವುದು ಇದಕ್ಕೆ.

ಈ ಏಣಿಲಿನಲ್ಲಿ ನಮ್ಮ ಕಾಲೇಜಿನ ಮಕ್ಕಳು ಸುತ್ತಲಿನ ಮನೆಗಳ ಭತ್ತದ ತಳಿಗಳನ್ನು ಪಾಸ್‌ಪೋರ್ಟ್ ನಮೂನೆಯಲ್ಲೇ ಬರೆದುಕೊಳ್ಳುತ್ತಿದ್ದಾರೆ. ಆ ನಮೂನೆಯ ಅಂಕಣಗಳ ಜೊತೆಗೆ ಬೆಟ್ಟು, ಮಜಲು, ಬೈಲು ಎಂಬ ವಿವರಕ್ಕೆ ಒಂದು, ಬೀಜ ಯಾರ ಮನೆಯಿಂದ ಬಂತು ಎಂಬುದಕ್ಕೆ ಒಂದು, ದಾಖಲೆಗೆ ಮನೆಯವರು ಕೊಟ್ಟ ಒಪ್ಪಿಗೆಗೆ ಒಂದು ಅಂಕಣವನ್ನು ನಾವು ಸೇರಿಸಿದ್ದೇವೆ. ಸ್ಥಳೀಯ ಹೆಸರನ್ನು ಕನ್ನಡ, ಮಲಯಾಳ ಎರಡೂ ಲಿಪಿಗಳಲ್ಲಿ ಬರೆದು, ಪಕ್ಕದಲ್ಲಿ ರೋಮನ್ ಲಿಪಿಯ ರೂಪವನ್ನೂ ಕೊಡುತ್ತಾರೆ. ಇಳುವರಿಯನ್ನು ಮುಡಿ, ಕಳಸೆ ಎಂಬ ಹಳೆಯ ಅಳತೆಗಳ ಲೆಕ್ಕದಲ್ಲಿ ಹೇಳಿದವರದ್ದನ್ನು ಹಾಗೆಯೇ ಬರೆದು, ಆ ಮನೆಯ ಕಳಸೆಯಲ್ಲಿ ಎಷ್ಟು ಭತ್ತ ಹಿಡಿಯುತ್ತದೆ ಎಂದು ಅಲ್ಲೇ ತೂಗಿ ಕಿಲೋದಲ್ಲಿ ಬೇರೆಯಾಗಿ ನಮೂದಿಸುತ್ತಾರೆ. ಕಟಾವು ಮುಗಿದ ಮೇಲೆ ಒಂದು ಪ್ರತಿ ಪಂಚಾಯತಿಯ ಜೀವವೈವಿಧ್ಯ ಸಮಿತಿಗೆ, ಒಂದು ಕೃಷಿಭವನಕ್ಕೆ, ಒಂದು ಗಡಿಯಾಚೆ ಇದೇ ಕೆಲಸ ಮಾಡುತ್ತಿರುವ ಸ್ನೇಹಿತರಿಗೆ ಹೋಗುತ್ತದೆ. ಬೀಜ ಕೊಟ್ಟ ಪ್ರತಿ ಮನೆಗೂ ಅವರವರ ಪುಟದ ಪ್ರತಿಯನ್ನು ಮಕ್ಕಳೇ ಒಯ್ದು ಕೊಡಬೇಕೆಂದು ನಿಶ್ಚಯಿಸಿದ್ದೇವೆ.